ಓದದೆ ಉಳಿಸಿಕೊಂಡ ಚೀಟಿ

ಸಲೋಮಿ, ಆ ಹೊಸ ವರ್ಷದ ಬೆಳಿಗ್ಗೆ ನಿನ್ನ ಚೀಟಿಯಲ್ಲಿ ಇದ್ದದ್ದು ನಾನು ಓದಿ ಹೇಳಿದ ವಚನವಲ್ಲ. ಅದರಲ್ಲಿ ಬೇರೆಯೇ ಬರೆದಿತ್ತು. ನೀನು ಕೈಯಾರೆ ಎತ್ತಿದ ಮಾತನ್ನು ನಾನು ಸೆರಗಿನ ತುದಿಗೆ ಕಟ್ಟಿಕೊಂಡೆ. ನನಗೆ ಬೇಕಾಗಿದ್ದ ಮಾತನ್ನು ದೇವರ ಹೆಸರಿನಲ್ಲಿ ನಿನಗೆ ಕೊಟ್ಟೆ. ನೀನು ನಂಬಿದೆ. ನಂಬಿ, ಉಳಿದಿದ್ದ ದೃಷ್ಟಿಯನ್ನೂ ಕಳೆದುಕೊಂಡೆ.

ಹದಿನೆಂಟು ವರ್ಷದಿಂದ ಈ ಮಾತು ಬಾಯಿಯವರೆಗೆ ಬಂದು ಹಿಂದೆ ಹೋಗುತ್ತಿದೆ. ಎದುರು ನಿಂತು ಹೇಳಲಾರೆನೆಂದು ಈಗ ಬರೆಯಲು ಕುಳಿತಿದ್ದೇನೆ. ಬರೆದರೂ ನೀನು ಓದಲಾರೆ — ಅದು ಗೊತ್ತಿದ್ದೇ ಬರೆಯುತ್ತಿದ್ದೇನೆಯೋ ಏನೋ, ನನ್ನನ್ನು ನಾನೇ ನಂಬುವುದಿಲ್ಲ.

ಕ್ರೈಸ್ತ ಸಭೆಯ ಶಾಲೆಯಲ್ಲಿ ಮೂವತ್ತು ವರ್ಷ ಅಕ್ಷರ ಕಲಿಸಿದವಳು ನಾನು. ಒಂದು ಒತ್ತು ಬಿಟ್ಟರೆ ಬೆತ್ತ ಎತ್ತುತ್ತಿದ್ದೆ. ಪುಸ್ತಕ ನೋಡದೆ ಊಹಿಸಿ ಓದುವ ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬರೆದದ್ದನ್ನು ಓದು, ನಿನಗೆ ಬೇಕಾದದ್ದನ್ನು ಓದಬೇಡ ಎಂದು ಗದರಿಸುತ್ತಿದ್ದೆ. ಮಂಜೇಶ್ವರದ ಈ ಕಡೆ ಅರ್ಧ ಊರು ನನ್ನಿಂದ ಆ ಬೈಗುಳ ತಿಂದಿದೆ.

ಇನ್ನು ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ. ಟೀಚರ ಬುದ್ಧಿ, ಮೊದಲಿನಿಂದ ಹೇಳದೆ ಸಮಾಧಾನವಿಲ್ಲ. ನಮ್ಮ ಸಣ್ಣ ಸಭೆಯಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರು ಹಿತ್ತಾಳೆಯ ಹರಿವಾಣ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಅದರ ತುಂಬ ಸುರುಳಿ ಸುತ್ತಿದ ಚೀಟಿಗಳು, ಒಂದೊಂದರಲ್ಲಿ ವೇದಪುಸ್ತಕದ ಒಂದೊಂದು ವಚನ. ತಲೆಗೊಂದರಂತೆ ಎತ್ತಿಕೊಳ್ಳಬೇಕು. ಬಂದ ವಚನ ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು. ಮದುವೆ ನಿಶ್ಚಯಿಸುವವರು, ಬಾವಿ ತೋಡಿಸುವವರು, ಕೆಲಸ ಬಿಡುವವರು — ಎಲ್ಲರೂ ಆ ಚೀಟಿಗೆ ಕಾದು ಕೂರುತ್ತಿದ್ದರು. ಚೀಟಿಗಳನ್ನು ಬರೆಯುತ್ತಿದ್ದವಳು ನಾನೇ. ಅಕ್ಷರ ಮುತ್ತಿನ ಹಾಗಿದೆ ಎಂದು ಅಯ್ಯನವರಿಗೆ ನನ್ನ ಮೇಲೆ ಅಭಿಮಾನ.

ಅದು ದೊಡ್ಡ ಯುದ್ಧ ಶುರುವಾದ ವರ್ಷದ ಆರಂಭ. ನನ್ನ ಅಮ್ಮನಿಗೆ ಪಕ್ಷವಾತ ಹೊಡೆದು ಎರಡು ವರ್ಷವಾಗಿತ್ತು. ನಾನು ಶಾಲೆಗೆ ಹೊರಟರೆ ಸಂಜೆಯವರೆಗೆ ಅಮ್ಮನ ಹತ್ತಿರ ನೀನು. ಪಕ್ಕದ ಹಿತ್ತಿಲ ವಿಧವೆ, ಮಡಲು ಹೆಣೆದು ಬದುಕುವವಳು, ಅಮ್ಮನ ಮಂಚದ ಪಕ್ಕದಲ್ಲೇ ತೆಂಗಿನ ಮಡಲು ಹರಡಿಕೊಂಡು ಹೆಣೆಯುತ್ತ ಕೂರುತ್ತಿದ್ದೆ. ಅಮ್ಮನನ್ನು ಮಗ್ಗುಲಾಗಿಸುತ್ತಿದ್ದವಳು ನೀನು, ಒರೆಸುತ್ತಿದ್ದವಳು ನೀನು. ನಾನು ಗಂಜಿ ಕುಡಿಸಲು ಹೋದರೆ ಅಮ್ಮ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ನಿನ್ನ ಕೈಯಿಂದ ಕುಡಿಯುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಅದಕ್ಕಿಂತ ಹೆಚ್ಚು ನಿರಾಳವಾಗುತ್ತಿತ್ತು.

ಅದರ ಹಿಂದಿನ ಮಳೆಗಾಲದಲ್ಲೇ ನಿನಗೆ ದೀಪದ ಸುತ್ತ ಬಣ್ಣದ ಬಳೆ ಕಾಣಲು ಶುರುವಾಗಿತ್ತು. ಬದಿಯದು ಕಾಣದೆ ಬಾಗಿಲ ದಾರಂದಕ್ಕೆ ಭುಜ ತಾಗಿಸಿಕೊಂಡು ನೀನು ನಗುತ್ತಿದ್ದೆ. ಡಿಸೆಂಬರಿನಲ್ಲಿ ನಿನ್ನ ಅಣ್ಣ ಬಂದು ರೈಲಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋಗಿ, ಮದರಾಸಿನಿಂದ ಬಂದಿದ್ದ ಕಣ್ಣಿನ ಡಾಕ್ಟರಿಗೆ ತೋರಿಸಿದ. ಇದು ಮಾಗುವವರೆಗೆ ಕಾಯುವ ಪೊರೆಯಲ್ಲ, ಒಮ್ಮೆ ಹೋದ ದೃಷ್ಟಿ ತಿರುಗಿ ಬಾರದು, ಉಳಿದದ್ದನ್ನಾದರೂ ಉಳಿಸಲು ಬೇಗ ಕೊಯ್ಯಬೇಕು, ತಾನು ಏಪ್ರಿಲ್‌ವರೆಗೆ ಇಲ್ಲಿರುತ್ತೇನೆ ಎಂದರಂತೆ ಡಾಕ್ಟರು. ಕೊಯ್ದ ಮೇಲೂ ಕೆಲವು ತಿಂಗಳು ಅಣ್ಣನ ಮನೆಯಲ್ಲೇ ಇರಬೇಕಿತ್ತು. ನಿನಗೆ ಕತ್ತಿಯ ಭಯ. ನಿನ್ನ ಗಂಡ ಅಂಥದೇ ಒಂದು ಆಸ್ಪತ್ರೆಗೆ ನಡೆದುಕೊಂಡು ಹೋಗಿ ಚಾಪೆಯಲ್ಲಿ ಹಿಂದೆ ಬಂದಿದ್ದ. ಹೋಗುವುದೋ ಬಿಡುವುದೋ ಎಂದು ಹದಿನೈದು ದಿನ ತೂಗಾಡಿದೆ. ಕೊನೆಗೆ ಒಂದು ಸಂಜೆ ಅಮ್ಮನ ಕಾಲು ತಿಕ್ಕುತ್ತ ಹೇಳಿದೆ:

"ಹೊಸ ವರ್ಷದ ಚೀಟಿ ಎಂತ ಹೇಳ್ತದೋ ಹಾಗೆ ಮಾಡುವುದು ಟೀಚರಕ್ಕ. ದೇವರು ಹೇಳಿದ ಮೇಲೆ ಮತ್ತೆ ಎರಡು ಮಾತಿಲ್ಲ."

ಆವತ್ತಿನಿಂದ ನನಗೆ ನಿದ್ದೆ ಹೋಯಿತು. ನಿನ್ನ ಕಣ್ಣಿನ ಚಿಂತೆಯಿಂದ ಎಂದು ಬರೆಯಬಹುದಿತ್ತು, ಓದುವವರಿಗೂ ಚೆನ್ನಾಗಿರುತ್ತಿತ್ತು. ಅಲ್ಲ. ನೀನು ಹೋದರೆ ಅಮ್ಮನನ್ನು ನೋಡುವವರು ಯಾರು, ಶಾಲೆ ಬಿಡಬೇಕಾದೀತೇ — ಇಷ್ಟೇ. ಪ್ರಾರ್ಥನೆ ಮಾಡಲಿಲ್ಲವೇ ಎಂದರೆ ಮಾಡಿದೆ, ಮೊಣಕಾಲೂರಿ, ದಿನಾ. ನಾಳೆಯ ಚಿಂತೆ ಬೇಡವೆಂದು ಮಕ್ಕಳಿಗೆ ಪಾಠ ಹೇಳಿ ಮನೆಗೆ ಬಂದು ನಾಳೆಯದೇ ಚಿಂತೆ ಮಾಡಿದೆ. ದೇವರು ಏನಾದರೊಂದು ದಾರಿ ತೋರಿಸಿಯಾನು ಎಂದು ಒಂದು ದಿನದ ಮಟ್ಟಿಗಾದರೂ ನಂಬಿ ನೋಡಲಿಲ್ಲ. ಸಭೆಯಲ್ಲಿ ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ.

ಹೊಸ ವರ್ಷದ ಆರಾಧನೆ ಮುಗಿಯಿತು. ನೀನು ಚೀಟಿ ಎತ್ತಿ, ಮುಷ್ಟಿಯಲ್ಲಿ ಬಿಗಿಹಿಡಿದು, ಜನರ ನಡುವಿನಿಂದ ನನ್ನನ್ನು ಹುಡುಕಿಕೊಂಡು ಹಲಸಿನ ಮರದ ಬುಡಕ್ಕೆ ಬಂದೆ. ನಿನಗೆ ಓದು ಬರುತ್ತಿರಲಿಲ್ಲ. ಸುರುಳಿ ನನ್ನ ಅಂಗೈಯಲ್ಲಿಟ್ಟು, "ಓದಿ ಟೀಚರಕ್ಕ," ಎಂದೆ.

ಬಿಚ್ಚಿದೆ. ನನ್ನದೇ ಕೈಬರಹ. ಹೊರಡುವಾಗಲೂ ತಿರುಗಿ ಬರುವಾಗಲೂ ಕರ್ತನು ನಿನ್ನನ್ನು ಕಾಯುತ್ತಾನೆ ಎಂಬ ವಚನ.

ಇದನ್ನು ಓದಿದರೆ ನೀನು ಹೋಗುತ್ತೀ. ಹೋಗಿ ಬರುತ್ತೀ ಎಂದೂ ಅದರಲ್ಲೇ ಇದೆ — ಅದು ನನಗೆ ಕಾಣಲಿಲ್ಲ, ಹೋಗುವುದು ಮಾತ್ರ ಕಂಡಿತು. ತುಂಬಾ ಹೊತ್ತು ಯೋಚಿಸಲಿಲ್ಲ. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ, ನನ್ನದಕ್ಕೆ ಅಂದು ನಾಚಿಕೆಯೂ ಇರಲಿಲ್ಲ. "ಕರ್ತನಲ್ಲಿ ಭರವಸೆಯಿಟ್ಟು ಇರುವ ಊರಿನಲ್ಲೇ ನೆಲೆಸಿರು, ಅಲ್ಲೇ ನಿನ್ನನ್ನು ಸಾಕುತ್ತಾನೆ," ಎಂದು ಓದಿದೆ. ಆ ಅರ್ಥದ ವಚನವೂ ವೇದದಲ್ಲಿ ಇದೆ. ಹಾಗಾಗಿಯೇ ಅಷ್ಟು ಸಲೀಸಾಗಿ ಬಂತು. ಭರವಸೆಯಿಡು ಎಂಬ ಮಾತನ್ನೇ ಹಿಡಿದು ನಿನಗೆ ಮೋಸ ಮಾಡಿದೆ, ಸಲೋಮಿ.

ನೀನು ಕಣ್ಣು ಮುಚ್ಚಿದೆ. ಡಿಸೆಂಬರಿನಿಂದ ಗಂಟಿಕ್ಕಿಕೊಂಡಿದ್ದ ಮುಖ ಸಡಿಲವಾಯಿತು. "ಸಾಕು. ನನ್ನ ಹೆದರಿಕೆ ಹೋಯಿತು," ಎಂದೆ. ಆ ಮುಖ ಈಗಲೂ ನನ್ನನ್ನು ಬಿಟ್ಟಿಲ್ಲ. ಅಡುಗೆ ಮಾಡುವಾಗ, ಬಾವಿಯಿಂದ ನೀರು ಸೇದುವಾಗ, ಸುಮ್ಮನೆ ಕುಳಿತಿರುವಾಗ ಎದುರು ಬಂದು ನಿಲ್ಲುತ್ತದೆ. ಸಿಟ್ಟಿನ ಮುಖವಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಚೀಟಿ ಇಟ್ಟುಕೊಳ್ಳುತ್ತೇನೆ ಕೊಡಿ ಎಂದು ನೀನು ಕೈ ಚಾಚಿದೆ. ದಪ್ಪ ಕಾಗದಕ್ಕೆ ಅಂಟಿಸಿ ಕೊಡುತ್ತೇನೆ ಎಂದು ಮನೆಗೆ ತಂದು, ಓದಿದ ಸುಳ್ಳನ್ನು ಮುತ್ತಿನಂಥ ಅಕ್ಷರದಲ್ಲಿ ಬೇರೆ ಚೀಟಿಯಲ್ಲಿ ಬರೆದು ಅಂಟಿಸಿ ಕೊಟ್ಟೆ. ಅದು ಇವತ್ತಿಗೂ ನಿನ್ನ ದಿಂಬಿನ ಕೆಳಗೆ ಇದೆ. ಅಸಲು ಚೀಟಿ ನನ್ನ ಟ್ರಂಕಿನ ತಳದಲ್ಲಿದೆ. ನಿನ್ನ ಅಣ್ಣ ಬಂದು ರೇಗಾಡಿದ. ಅಯ್ಯನವರು ನನ್ನನ್ನು ಕರೆದು, ಅದೇ ವಚನವೋ ಎಂದು ಕೇಳಿದರು. ಚೀಟಿ ಬರೆದವಳೇ ನಾನಲ್ಲವೇ ಎಂದೆ. ಅದು ನಿಜ ತಾನೆ.

ಇಲ್ಲಿಯವರೆಗಿನದನ್ನು ದೇವರು ಕ್ಷಮಿಸಿಯಾನೋ ಏನೋ. ಮುಂದಿನದು ಇದೆಯಲ್ಲ —

ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡಳು. ಎರಡು ತಿಂಗಳೂ ತುಂಬಿರಲಿಲ್ಲ. ಸಮಾಧಿಯಿಂದ ಬರುವಾಗ ಅಯ್ಯನವರ ಹೆಂಡತಿ ನನ್ನ ಜೊತೆಗೆ ನಡೆಯುತ್ತ, ಒಬ್ಬಳೇ ಎಷ್ಟು ಕಷ್ಟಪಟ್ಟೆ, ಒಂದು ಮಾತು ಹೇಳಿದ್ದರೆ ನಾವು ದಿನಕ್ಕೊಬ್ಬರು ಬಂದು ಕೂರುತ್ತಿದ್ದೆವಲ್ಲ ಎಂದರು. ದಾರಿ ಅಲ್ಲೇ ಇತ್ತು, ನಾಲ್ಕು ಮನೆ ಆಚೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ಪೂರ್ತಿ ಕೆಟ್ಟಿರಲಿಲ್ಲ. ಡಾಕ್ಟರು ಏಪ್ರಿಲ್‌ವರೆಗೆ ಇದ್ದರು. ನಿನಗೆ ಇನ್ನೂ ನನ್ನ ಮುಖ ಕಾಣುತ್ತಿತ್ತು. ನನ್ನ ಕಣ್ಣೀರು ಒರೆಸಿದ್ದು ನೀನೇ.

ಅಮ್ಮನಿಗಾಗಿ ಸುಳ್ಳು ಹೇಳಿದೆ ಎಂದುಕೊಳ್ಳುತ್ತಿದ್ದೆ. ಅಮ್ಮ ಹೋದ ಮೇಲೆ ಯಾರಿಗಾಗಿ ಸುಮ್ಮನಿದ್ದೆ? ನನ್ನ ಹೆಸರಿಗಾಗಿ. ಟೀಚರು ಹೀಗೆ ಮಾಡಿದಳಂತೆ ಎಂದು ಸಭೆ ಆಡಿಕೊಳ್ಳಬಾರದೆಂದು. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಒಂದು ದಿನ ನಿನ್ನ ಜಗಲಿಯವರೆಗೆ ಬಂದು, ನೀನು ಹಾಡಿಕೊಳ್ಳುತ್ತ ಮಡಲು ಹೆಣೆಯುವುದನ್ನು ನೋಡಿ, ಉಪ್ಪು ಕೇಳಿ ತೆಗೆದುಕೊಂಡು ಹೋದೆ. ಮರುವರ್ಷದ ಮಳೆಗಾಲ ಮುಗಿಯುವಾಗ ನಿನಗೆ ಹಗಲೂ ಕತ್ತಲೆಯೂ ಒಂದೇ ಆಗಿತ್ತು.

ಆಮೇಲೆ ದಿನಾ ಸಂಜೆ ಬಂದು ನಿನಗೆ ವೇದ ಓದಿ ಹೇಳಿದೆ. ಜನ ಅದನ್ನು ಸ್ನೇಹ ಎಂದರು. ಖುಷಿಯಾದ ಕಡೆ ನೀನು, "ಹಾಗೇ ಉಂಟಾ ಅದರಲ್ಲಿ?" ಎಂದು ಕೇಳುತ್ತೀ. ನಿನಗೆ ಅದು ಸಂತೋಷದ ಮಾತು. ನಾನು ಹೂಂ ಎಂದು ಹಾಳೆ ತಿರುಗಿಸುತ್ತೇನೆ. ಹೊಸದಾಗಿ ಬಂದ ಅಯ್ಯನವರು ಭರವಸೆಯ ಬಗ್ಗೆ ಪ್ರಸಂಗ ಮಾಡುವಾಗ ನಿನ್ನ ಕಥೆ ಹೇಳುತ್ತಾರೆ — ಕಣ್ಣು ಹೋದರೂ ದೇವರ ಮಾತು ಬಿಡದ ಹೆಂಗಸು ಎಂದು. ಎಲ್ಲರೂ ನಿನ್ನ ಕಡೆ ತಿರುಗುತ್ತಾರೆ. ಪಕ್ಕದಲ್ಲಿ ನಿನ್ನ ಕೈ ಹಿಡಿದುಕೊಂಡು ನಾನಿರುತ್ತೇನೆ.

ಆ ವರ್ಷದ ನಂತರ ನಾನು ಚೀಟಿ ಬರೆಯುವಾಗ ಆ ಒಂದು ವಚನ ಬಿಟ್ಟುಬಿಡುತ್ತಿದ್ದೆ. ಆದರೆ ಈ ಸಲ ನನ್ನ ಕೈ ನಡುಗುತ್ತದೆಂದು ಅಯ್ಯನವರ ಮಗಳು ಬರೆದಳು. ಹೊಸ ವರ್ಷದ ದಿನ, ನಮ್ಮ ಊರು ಕೇರಳಕ್ಕೆ ಸೇರಿ ಎರಡು ತಿಂಗಳಾಗಿತ್ತು. ಶಾಲೆಯ ಗತಿ ಏನು, ಕನ್ನಡದ ಗತಿ ಏನು ಎಂದು ಅಂಗಳದಲ್ಲಿ ಎಲ್ಲರೂ ಮಾತಾಡುತ್ತಿದ್ದರು. ನೀನು ಸುರುಳಿಯನ್ನು ನನ್ನ ಅಂಗೈಯಲ್ಲಿಟ್ಟೆ. ಬಿಚ್ಚಿದೆ. ಅದೇ ವಚನ, ಬೇರೆ ಕೈಬರಹ. ಇರುವ ಹಾಗೆಯೇ ಓದಿದೆ.

ನೀನು ನಕ್ಕೆ. "ಈಗ ನನಗೆ ಎಲ್ಲಿಗೆ ಹೋಗ್ಲಿಕ್ಕುಂಟು? ಇದು ಆಗ ಬಂದಿದ್ರೆ ನಾನು ಮಂಗಳೂರಿಗೆ ಹೋಗ್ತಿದ್ದೆ ಟೀಚರಕ್ಕ. ಇರ್ಲಿ. ಯಾವುದನ್ನು ಯಾವಾಗ ಕೊಡ್ಬೇಕು ಅಂತ ಅವನಿಗೆ ಗೊತ್ತುಂಟು."

ಅವನು ಆಗಲೇ ಕೊಟ್ಟಿದ್ದ, ಸಲೋಮಿ.

ಇಷ್ಟಾದ ಮೇಲೂ ಮೂರು ವಾರ ಸುಮ್ಮನಿದ್ದೆ. ಈ ಸಲ ಹೊಸ ನೆಪ ಸಿಕ್ಕಿತ್ತು: ಹೇಳಿದರೆ ನಿನ್ನ ನಂಬಿಕೆ ಒಡೆದುಹೋದೀತು, ಕಣ್ಣಿಲ್ಲದವಳಿಗೆ ಇರುವುದು ಅದೊಂದೇ. ಕೇಳಲು ಎಷ್ಟು ಚೆನ್ನಾಗಿದೆ. ನೋಡಿದರೆ ಹಳೆಯ ಬುದ್ಧಿಯೇ. ದೇವರು ನಿನ್ನನ್ನು ಹಿಡಿದುಕೊಂಡಿರುವುದು ನನ್ನ ಸುಳ್ಳಿನ ಬಲದಿಂದ ಎಂದು ತಿಳಿದೆನಲ್ಲ. ಅಮ್ಮನನ್ನು ಅವನ ಕೈಗೆ ಬಿಡಲಿಲ್ಲ, ಈಗ ನಿನ್ನನ್ನೂ ಬಿಡುತ್ತಿಲ್ಲ. ಅರುವತ್ತು ದಾಟಿದ ಮೇಲೆ ಈ ಪಾಠವನ್ನು ಮೊದಲ ಅಕ್ಷರದಿಂದ ಕಲಿಯಬೇಕಾಗಿದೆ. ನೀನು ಇನ್ನು ನನ್ನನ್ನು ಹತ್ತಿರ ಸೇರಿಸುತ್ತೀಯೋ ಇಲ್ಲವೋ, ಸಂಜೆ ನಿನಗೆ ಓದುವವರು ಯಾರೋ — ಅದೂ ನನ್ನ ಕೈಯಲ್ಲಿಲ್ಲ.

ನಾಳೆ ಬೆಳಿಗ್ಗೆ ಬರುತ್ತೇನೆ. ನೀನು ಅಂಗಳದಲ್ಲಿ ನೆನೆಸಿದ ಮಡಲು ಹರಡಿಕೊಂಡು ಕುಳಿತಿರುತ್ತೀ. ಮೊದಲು ಆ ಹಳೆಯ ಚೀಟಿಯನ್ನು ನಿನ್ನ ಕೈಗೆ ಕೊಡುತ್ತೇನೆ, ಆಮೇಲೆ ಈ ಹಾಳೆಗಳನ್ನು. ನೀನು ಬೆರಳಲ್ಲಿ ಸವರಿ ನೋಡಿ, ಓದಿ ಟೀಚರಕ್ಕ ಎಂದು ಹಿಂದೆ ಕೊಡುತ್ತೀ. ಬರೆದದ್ದನ್ನೇ ಓದುತ್ತೇನೆ, ಒಂದು ಒತ್ತೂ ಬಿಡದೆ.

ಓದಿ ಮುಗಿಸಿ ಎಲ್ಲವನ್ನೂ ನಿನ್ನ ಮಡಿಲಲ್ಲೇ ಬಿಟ್ಟು ಹೋಗುತ್ತೇನೆ. ಅಯ್ಯನವರ ಮಗಳನ್ನು ಕರೆದು ಇನ್ನೊಮ್ಮೆ ಓದಿಸು, ಸಲೋಮಿ. ಟೀಚರು ಓದಿದ್ದು ಇದರಲ್ಲಿ ಹಾಗೇ ಉಂಟಾ ಎಂದು ಕೇಳು.