ಕೊಬ್ಬರಿ ಅಟ್ಟದ ಕೆಳಗೆ ಆರಿಸಿದ ಆಂಪ್ಲಿಫೈಯರ್

ತೆಂಗಿನ ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರ್ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ತಿಪಟೂರು, ತುರುವೇಕೆರೆ ಕಡೆ ಆಗ ಯಾವ ಕಾರ್ಯಕ್ರಮವಾದರೂ ಮೊದಲು ಮರ ಹತ್ತುವವನನ್ನು ಹುಡುಕುತ್ತಿದ್ದರು, ಆಮೇಲೆ ಹಾಡುವವರನ್ನು. ಎತ್ತರದ ಮರ ನೋಡಿ ಹಾರ್ನ್ ಕಟ್ಟಿಸುವುದು, ಪಕ್ಕದೂರಿಗೆ ಕೇಳಿಸುತ್ತದೋ ಇಲ್ಲವೋ ಎಂದು ಸೈಕಲ್ಲಿನಲ್ಲಿ ಒಬ್ಬನನ್ನು ಅಟ್ಟುವುದು, ಅವನು ಬಂದು ಕೇಳಿಸಿತು ಎಂದರೆ ಮೀಸೆ ತಿರುವುವುದು. ಆ ಹಾರ್ನಿನಲ್ಲಿ ಬರುವುದೆಲ್ಲ ಮೂಗಿನ ಸದ್ದು. ಹಾಡುವವನ ಗಂಟಲು ಬರುತ್ತದೆ, ತಾಳದ ಕಿಣಿಕಿಣಿ ಬರುತ್ತದೆ. ಬೇಸ್ ಗಿಟಾರ್ ಬರುವುದಿಲ್ಲ. ನಾನು ನುಡಿಸುತ್ತಿದ್ದದ್ದು ಬೇಸ್ ಗಿಟಾರ್.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತಿಪಟೂರಿನ ಒಂದು ಆರ್ಕೆಸ್ಟ್ರಾ ತಂಡದಲ್ಲಿದ್ದೆ. ತಂಡದ ಯಜಮಾನರು ತೋಟಸ್ಥರು, ತಾವೇ ಮುಖ್ಯ ಗಾಯಕರು. ಅವರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದೆವು. ನಾಲ್ಕು ದಪ್ಪ ತಂತಿಯ ನನ್ನ ಗಿಟಾರು ಹಾಡಿಗೆ ಅಡಿಪಾಯವಿದ್ದಂತೆ. ಆದರೆ ಅಡಿಪಾಯವನ್ನು ಯಾರು ಬಗ್ಗಿ ನೋಡುತ್ತಾರೆ? ಕಾರ್ಯಕ್ರಮ ಮುಗಿದ ಮೇಲೆ ಊಟಕ್ಕೆ ಕೂತರೆ ಪಕ್ಕದವರು ವಿಚಾರಿಸುತ್ತಿದ್ದರು: "ನೀನು ಸುಮ್ನೆ ಹಿಡ್ಕೊಂಡು ನಿಂತಿರ್ತೀಯಲ್ಲಪ್ಪ, ಬಾರ್ಸೋಕೆ ಬರಾಕಿಲ್ವಾ?"

ವೇದಿಕೆಯ ಎರಡೂ ಪಕ್ಕ ಮೈಕ್‌ಸೆಟ್‌ನವನ ದೊಡ್ಡ ಬಾಕ್ಸ್‌ಗಳೂ ಇರುತ್ತಿದ್ದವು. ಅದಕ್ಕಾದರೂ ನನ್ನ ವೈರು ಹಾಕು ಮಾರಾಯ ಎಂದು ಎಷ್ಟು ಸಲ ಕೇಳಿದ್ದೇನೋ. "ನಿನ್ನ ಗುಂಯ್ ಅನ್ನೋದ್ಕೆ ನನ್ನ ಬಾಕ್ಸ್ ಹರ್ದೋಯ್ತದೆ ಕಣಪ್ಪ" ಎಂದು ವೈರನ್ನು ಕೈಯಿಂದ ಸರಿಸುತ್ತಿದ್ದ. ಕೀಬೋರ್ಡಿನವನು ಅದೇ ಬಾಕ್ಸಿನಲ್ಲಿ ಎಡಗೈಯಿಂದ ಅದೇ ಗುಂಯ್ ಅನ್ನಿಸಿದರೆ ಮಾತ್ರ ಏನೂ ಹರಿಯುತ್ತಿರಲಿಲ್ಲ. ಇದನ್ನು ಹೇಳಿದರೆ ನನ್ನನ್ನೇ ಜಗಳಗಂಟ ಎಂದರು. ಹೌದು, ಜಗಳಗಂಟನೇ.

ಆ ವರ್ಷ ಗಣೇಶನ ಹಬ್ಬಕ್ಕೆ ಮುಂಚೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ಲೇ, ಕೀಬೋರ್ಡ್‌ನೋನು ನಿಂದೂ ಸೇರ್ಸಿ ಬಾರಿಸ್ತೀನಿ ಅಂತವ್ನೆ. ಹುಳಿಯಾರ್ ಪ್ರೋಗ್ರಾಮ್‌ನಾಗೆ ನಿನ್ನ ಗಿಟಾರ್ ಕೇಳ್ಸಬೇಕು. ಕೇಳ್ಸಲಿಲ್ಲ ಅಂದ್ರೆ ನಿನ್ನ ಇಟ್ಕಂಡು ಏನ್ ಮಾಡ್ಲಿ, ನೀನೇ ಹೇಳು" ಎಂದರು. ಅಲ್ಲಿಗೆ ನನ್ನ ಜಾಗ ಉಳಿಯಬೇಕಾದರೆ ನನ್ನದೇ ಒಂದು ಆಂಪ್ಲಿಫೈಯರ್ ಬೇಕಾಯಿತು, ಬಯಲಲ್ಲಿ ಕೇಳಿಸುವಂಥದ್ದು. ಮರುದಿನವೇ ಬೆಂಗಳೂರಿನ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಎರಡಿದ್ದವು. ಒಂದು ನಮ್ಮ ಮನೆಯ ಟೀವಿಯಷ್ಟಿತ್ತು, ಒಬ್ಬನೇ ಎತ್ತಬಹುದು. ಇನ್ನೊಂದು ಬೀರುವಿನಷ್ಟು, ಅದರ ಸ್ಪೀಕರೇ ಅಕ್ಕಿ ಕೇರುವ ಮೊರದಗಲ. ಅಂಗಡಿಯವನು ನನ್ನ ಮುಖ ನೋಡಲಿಲ್ಲ, ಚಪ್ಪಲಿ ನೋಡಿದ. ದೊಡ್ಡದಕ್ಕೆ ವೈರು ಹಾಕು ಎಂದರೆ "ಅದು ದೊಡ್ಡ ಬ್ಯಾಂಡ್‌ನವರಿಗೆ, ನಿಮಗೆ ಇದು ಧಾರಾಳ ಆಯ್ತು" ಎಂದು ಚಿಕ್ಕದನ್ನು ಮುಂದೆ ತಳ್ಳಿದ. ಮನೆಗೆ ಒಯ್ದು ನೋಡಿ, ಸಾಲದಿದ್ದರೆ ವಾರದೊಳಗೆ ತಂದು ದೊಡ್ಡದಕ್ಕೆ ಬದಲಾಯಿಸಿಕೊಳ್ಳಿ ಎಂದೂ ಹೇಳಿದ. ಅವನ ಧಾಟಿಗೆ ಪಿತ್ತ ನೆತ್ತಿಗೇರಿದರೂ ಆ ಮಾತು ನ್ಯಾಯವಾಗಿಯೇ ಇತ್ತು. ಚಿಕ್ಕದನ್ನು ಹೊತ್ತು ತಂದೆ.

ಹಾಲ್ಕುರಿಕೆ ಹತ್ತಿರದ ನಮ್ಮ ಮನೆಯಲ್ಲಿ, ಆ ಕಡೆಯ ಎಲ್ಲ ಮನೆಗಳಲ್ಲಿರುವಂತೆ, ನಡುಮನೆಯ ಮೇಲೆ ಅಟ್ಟ. ಅಟ್ಟದ ತುಂಬ ಕಾಯಿ. ಸಿಪ್ಪೆ ಸುಲಿಯದೆ ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ನಾನು ಆಂಪ್ ತಂದಾಗ ಅಟ್ಟದ ಕಾಯೆಲ್ಲ ಹಾಗೆ ಬಲಿತು ನಿಂತಿದ್ದವು.

ನಡುಮನೆಯಲ್ಲಿಟ್ಟು ವೈರು ಚುಚ್ಚಿ, ಸದ್ದಿನ ಗುಂಡಿ ಪೂರ್ತಿ ತಿರುಗಿಸಿ, ದಪ್ಪ ತಂತಿ ಮೀಟಿದೆ. ಮನೆಯೇ ಗುಡುಗಿತು. ಅಟ್ಟದ ಬಿದಿರ ದಬ್ಬೆಗಳು ನಡುಗಿ, ಸಂದಿಯಿಂದ ನಾರಿನ ಧೂಳು ತಲೆಯ ಮೇಲೆ ಉದುರಿತು. ಅವ್ವ ಒಲೆ ಬಿಟ್ಟು ಓಡಿಬಂದು, "ಏನ್ಲಾ ಇದು, ಅಟ್ಟ ಬಿದ್ದೋಯ್ತದೆ, ನಿಲ್ಸು" ಎಂದಳು. ಅವಳ ಗಾಬರಿ ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇನ್ನು ಯಾರು ಕೇಳಿಸಲಿಲ್ಲ ಅನ್ನುತ್ತಾರೋ ನೋಡೋಣ ಎಂದುಕೊಂಡೆ. ವಾರ ಕಳೆಯಿತು, ಬದಲಾಯಿಸಲು ಹೋಗಲಿಲ್ಲ.

ಹುಳಿಯಾರಿನಲ್ಲಿ ಕಾರ್ಯಕ್ರಮ ಇಸ್ಕೂಲ್ ಮೈದಾನದಲ್ಲಿ. ನಮ್ಮ ಕಡೆಗಿಂತ ಬಯಲು ಜಾಸ್ತಿ, ಗಾಳಿಗೆ ತಡೆಯಿಲ್ಲ. ಹೊತ್ತು ಮುಳುಗುವ ಮೊದಲೇ ಹಾಡು ಶುರುವಾಯಿತು. ನನ್ನ ಆಂಪನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ಮೊದಲ ಹಾಡಿಗೆ ಮೀಟಿದೆ. ಗುಡುಗಲಿಲ್ಲ. ಗುಂಡಿ ತಿರುಗಿಸಿದೆ, ಅದು ಆಗಲೇ ಕೊನೆಗೆ ಬಂದು ನಿಂತಿತ್ತು. ಸದ್ದು ನನ್ನ ಮೊಣಕಾಲಿನವರೆಗೆ ಬಂದು ಅಲ್ಲೇ ಸತ್ತುಹೋಗುತ್ತಿತ್ತು. ಆದರೂ ಮೈದಾನದ ಕಡೆಯಿಂದ ಬೇಸ್ ಕೇಳುತ್ತಿತ್ತು. ಮೊದಲು ನನ್ನದೇ ಇರಬೇಕು ಎಂದುಕೊಂಡೆ. ಎರಡನೇ ಹಾಡಿನ ನಡುವೆ ಅನುಮಾನ ಬಂದು ಗಿಟಾರಿನ ವೈರು ಕಿತ್ತೆ. ಬೇಸ್ ನಿಲ್ಲಲಿಲ್ಲ. ತಿರುಗಿ ನೋಡಿದರೆ ಕೀಬೋರ್ಡಿನವನ ಎಡಗೈ ಓಡಾಡುತ್ತಿತ್ತು. ನನ್ನನ್ನು ನೋಡಿ ಅವನು ತಲೆ ತಗ್ಗಿಸಿದ, ಕೈ ತೆಗೆಯಲಿಲ್ಲ.

ಕೇಳಿಸಿದರೆ ನಿನ್ನ ಜಾಗ ನಿನಗೆ ಎಂದವರು, ಕೇಳಿಸುತ್ತದೋ ಇಲ್ಲವೋ ನೋಡುವ ಮೊದಲೇ ಬೇಸ್ ನೀನೇ ಬಾರಿಸು ಎಂದು ಅವನಿಗೆ ಹೇಳಿಟ್ಟಿದ್ದರು. ಹಾಡು ಮುಗಿದಾಗ ಯಜಮಾನರು ನನ್ನ ಹತ್ತಿರ ಬಗ್ಗಿ, "ಹಂಗೇ ಹಿಡ್ಕಂಡು ನಿಂತ್ಕೊ, ಸ್ಟೇಜ್ ತುಂಬ್ದಂಗಿರ್ತದೆ" ಎಂದರು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಗಿಟಾರು ಹೆಗಲಿಗೇರಿಸಿ, ಆಂಪ್ ಎತ್ತಿಕೊಂಡು, ಜನರ ಕಣ್ಣೆದುರೇ ವೇದಿಕೆ ಇಳಿದೆ. ಮುಂದಿನ ಹಾಡು ಶುರುವಾಯಿತು. ಬಸ್‌ಸ್ಟ್ಯಾಂಡಿನವರೆಗೂ ಹಾರ್ನಿನಲ್ಲಿ ಅವರ ದನಿ ಬೆನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನಡುಮನೆಯಲ್ಲಿ ಮತ್ತೆ ವೈರು ಹಾಕಿದೆ. ಮತ್ತೆ ಗುಡುಗಿತು. ಹಾಳಾದ್ದು ಅಂಗಳದಲ್ಲಿ ಹೇಗಿರುತ್ತದೆ ನೋಡೋಣ ಎಂದು ಹೊರಗೆ ತಂದು ಮೀಟಿದರೆ, ಹುಳಿಯಾರಿನ ಅದೇ ಕುಯ್‌ಕುಯ್. ಒಳಗೆ ಹೋಗಿ ಅಟ್ಟಕ್ಕೆ ಕಿವಿಗೊಟ್ಟಾಗ ಗೊತ್ತಾಯಿತು. ತಂತಿ ಮೀಟಿದಾಗೆಲ್ಲ ಮೇಲಿನ ಕಾಯಿಗಳು ಲೊಟಲೊಟ ಎಂದು ಒಟ್ಟಿಗೆ ಅಲ್ಲಾಡುತ್ತಿದ್ದವು. ನಾನು ಆರಿಸಿದ್ದು ಕಾಯಿಯ ಸದ್ದನ್ನು. ಹುಟ್ಟಿದಾಗಿನಿಂದ ಅದೇ ಅಟ್ಟದ ಕೆಳಗೆ ಮಲಗಿದವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನನ್ನ ಹಣೆ ನಾನೇ ಚಚ್ಚಿಕೊಂಡೆ.

ಮೂರು ದಿನದ ಮೇಲೆ ಯಜಮಾನರು ಮನೆಗೇ ಬಂದರು. ತುರುವೇಕೆರೆಯಲ್ಲಿ ಕಾರ್ಯಕ್ರಮವಿದೆ, ಗಿಟಾರ್ ಇಲ್ಲದಿದ್ದರೆ ಸಮಿತಿಯವರು ತಂಡ ಚಿಕ್ಕದು ಅನ್ನುತ್ತಾರಂತೆ. ಅವರು ನಡುಮನೆಯಲ್ಲಿ ಕೂತಿದ್ದಂತೆಯೇ ವೈರು ಚುಚ್ಚಿ, ಸಿಟ್ಟೆಲ್ಲ ಬೆರಳಿಗೆ ತಂದು ಮೀಟಿದೆ. ಅವರ ಬಿಳಿ ಅಂಗಿಯ ಮೇಲೆ ಧೂಳು ಸುರಿಯಿತು. ಒಂದು ಕಾಯಿ ಅಲ್ಲಾಡಿಸಿ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುವ ಮನುಷ್ಯ. ತಲೆಯ ಮೇಲೆ ಅಟ್ಟದ ಕಾಯೆಲ್ಲ ಅಲ್ಲಾಡಿದರೂ ಗೊತ್ತಾಗಲಿಲ್ಲ.

"ಲೇ, ಇಷ್ಟು ಜೋರಾಗೈತಲ್ಲೋ. ಅವತ್ತು ಯಾಕ್ ಕೇಳ್ಸಲಿಲ್ಲ?" ಎಂದರು.

"ಅವತ್ತು ನಿಮ್ಗೆ ಕೇಳ್ಸೋದು ಬೇಕಾಗಿರ್ಲಿಲ್ಲ ಬುಡಿ, ಅಣ್ಣ."

ಅವರು ಅಂಗಿಯ ಧೂಳು ಕೊಡವಿಕೊಂಡು, "ಆಯ್ತು, ತಪ್ಪಾಯ್ತು. ಇದನ್ನೇ ತಗಂಡ್ ಬಾ. ಎಡಗೈ ಮುಟ್ಟಬ್ಯಾಡ ಅಂತ ಅವನಿಗೆ ನಾನೇ ಹೇಳ್ತೀನಿ. ಬೇಸ್ ಇನ್ಮೇಲೆ ನಿಂದೇ ಕಣ್ಲಾ" ಎಂದರು.

ಆ ಮಾತಿಗೆ ನಾನು ವರ್ಷಗಟ್ಟಲೆ ಕಾದಿದ್ದೆ. ಅದನ್ನು ನನಗೆ ಕೊಡಿಸಿದ್ದು ಅಟ್ಟದ ಕಾಯಿಗಳು. ಅವನ್ನು ತುರುವೇಕೆರೆಯ ವೇದಿಕೆಗೆ ಹೊತ್ತುಕೊಂಡು ಹೋಗುವಂತಿರಲಿಲ್ಲ. "ಬರಲ್ಲ ಅಣ್ಣ" ಎಂದು ವೈರು ಸುತ್ತತೊಡಗಿದೆ.

ಅವರು ಅಂಗಳ ದಾಟಿದ ಮೇಲೆ ಅವ್ವ ಒಳಗಿನಿಂದ ಬಂದಳು. "ಯಾಕ್ಲಾ ಬರಲ್ಲ ಅಂದೆ? ಅಷ್ಟು ಚೆಂದಾಗಿ ಕೇಳ್ತಿತ್ತಲ್ಲ" ಎಂದಳು.

ಅವ್ವನ ಮೇಲೂ ರೇಗಿದೆ.