ಡ್ರಾಯರ್‌ನೊಳಗೆ ನಡುಗಿದ ಫೋನ್

ಹೋದ ವಾರ ನಾನು ಒಬ್ಬ ನರ್ಸ್ ಮೇಲೆ ದೂರು ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ.

ಮಣಿನಗರದ ಆಸ್ಪತ್ರೆಯೊಂದರಲ್ಲಿ ನನ್ನ ಗಂಡನಿಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಭಾವಿಕಾ ಎಂಬ ನರ್ಸ್ ಬಂದಾಗಲೆಲ್ಲ ಕೈಯಲ್ಲಿ ಸ್ಮಾರ್ಟ್‌ಫೋನ್. ಬಿ.ಪಿ. ನೋಡುತ್ತಾಳೆ, ಫೋನ್ ಒತ್ತುತ್ತಾಳೆ. ಮಾತ್ರೆ ಕೊಡುತ್ತಾಳೆ, ಮತ್ತೆ ಫೋನ್. ನನಗೆ ಮೈ ಉರಿದುಹೋಯಿತು. (ಮನೆಯಲ್ಲಿ ಮಗಳ ಫೋನ್ ಕಿತ್ತಿಡುವ ಚಾಳಿ ನನ್ನದು. ಅದು ಆಸ್ಪತ್ರೆಗೂ ಬಂದಿತ್ತು.) ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಬರೆದೇಬಿಟ್ಟೆ: ಈ ಸಿಸ್ಟರ್‌ಗೆ ರೋಗಿಗಿಂತ ಮೊಬೈಲೇ ಮುಖ್ಯ.

ಮೇಟ್ರನ್ ಬಂದು ಕೈ ಮುಗಿದರು. "ಇನ್ನು ಹಾಗಾಗಲ್ಲ, ಬೆನ್." (ಬೆನ್ ಅಂದರೆ ಅಕ್ಕ. ಇಲ್ಲಿ ಹೆಂಗಸರನ್ನು ಕರೆಯುವುದೇ ಹಾಗೆ.)

ಮರುದಿನ ಬೆಳಿಗ್ಗೆ ಭಾವಿಕಾ ಬರಿಗೈಯಲ್ಲಿ ಬಂದಳು. ಹೊಸ ಆ್ಯಂಟಿಬಯಾಟಿಕ್ ಡ್ರಿಪ್ ಹಾಕಿ, ಏನಾದರೂ ಆದರೆ ಬೆಲ್ ಒತ್ತಿ ಎಂದು ಹೇಳಿ ಹೋದಳು. ಗೆದ್ದೆ ಅಂದುಕೊಂಡೆ.

ಐದೇ ನಿಮಿಷ. ಇವರು ಕತ್ತು ಹಿಡಿದುಕೊಂಡರು. "ಗಂಟಲು ಬಿಗೀತಿದೆ ಕಣೇ." ತುಟಿ ನೋಡನೋಡುತ್ತ ಊದಿಕೊಂಡಿತು. ಬೆಲ್ ಒತ್ತಿದೆ. ಮತ್ತೆ ಒತ್ತಿದೆ. ಸದ್ದೇ ಇಲ್ಲ, ಯಾರೂ ಬರಲಿಲ್ಲ. ಚಪ್ಪಲಿಯನ್ನೂ ಹಾಕದೆ ನರ್ಸ್‌ಗಳ ಕೌಂಟರ್‌ಗೆ ಓಡಿದೆ.

ಅಲ್ಲಿ ಯಾರೂ ಇಲ್ಲ. ಮೇಜಿನ ಡ್ರಾಯರ್ ಮಾತ್ರ ಗುರ್ ಗುರ್ ಅನ್ನುತ್ತಿತ್ತು. ಎಳೆದೆ. ಒಳಗೆ ಒಂದು ಫೋನ್. ಪರದೆಯ ಮೇಲೆ ಕೆಂಪಗೆ ನಮ್ಮದೇ ರೂಮ್ ನಂಬರ್.

ಕಿರುಚಿದೆ. ಪಕ್ಕದ ರೂಮಿನಲ್ಲಿ ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದ ಭಾವಿಕಾ ಓಡಿಬಂದಳು. ಡ್ರಿಪ್ ನಿಲ್ಲಿಸಿದಳು, ಇಂಜೆಕ್ಷನ್ ಕೊಟ್ಟಳು, ಡಾಕ್ಟರನ್ನು ಕರೆಸಿದಳು. ಇವರು ಬದುಕಿಕೊಂಡರು.

ಆಮೇಲೆ ಗೊತ್ತಾಯಿತು. ಅದು ಅವಳ ಫೋನೇ ಅಲ್ಲ, ಆಸ್ಪತ್ರೆ ಹೋದ ತಿಂಗಳು ಕೊಟ್ಟದ್ದು. ನಾವು ಬೆಲ್ ಒತ್ತಿದರೆ ಅದರಲ್ಲೇ ಬರುತ್ತದೆ. ಬಿ.ಪಿ., ಮಾತ್ರೆ, ಡಾಕ್ಟರ ಸೂಚನೆ, ಎಲ್ಲವೂ ಅದರಲ್ಲೇ.

"ಮತ್ತೆ ಡ್ರಾಯರ್‌ನಲ್ಲಿ ಯಾಕಿಟ್ಟೆ?" ಎಂದು ಕೇಳಿದೆ. (ನಾಚಿಕೆಯಿಲ್ಲದೆ.)

"ರೋಗಿ ಕಡೆಯವರಿಗೆ ಇಷ್ಟ ಆಗಲ್ಲ, ಬೆನ್. ಕಂಪ್ಲೇಂಟ್ ಬಂದರೆ ಡ್ರಾಯರ್‌ನಲ್ಲಿಡು ಅಂತಾರೆ ಮೇಟ್ರನ್."

ಲಕ್ಷ ಸುರಿದು ಫೋನ್ ಕೊಡುತ್ತಾರೆ, ಅದು ಯಾತಕ್ಕೆಂದು ನಮಗೆ ಒಂದು ಮಾತು ಹೇಳುವುದಿಲ್ಲವಲ್ಲ? ಹೋಗಲಿ, ನಾನಾದರೂ ಕೇಳಿದೆನೇ? ಅದೇ ರೂಮಿನಲ್ಲಿ ಡಾಕ್ಟರ್ ಹತ್ತು ನಿಮಿಷ ಫೋನ್ ನೋಡುತ್ತ ನಿಂತಿದ್ದರು. ನಾನು ಕೈಕಟ್ಟಿಕೊಂಡು ಕಾದೆ. ಡಾಕ್ಟರ್ ನೋಡಿದರೆ ಕೇಸು, ನರ್ಸ್ ನೋಡಿದರೆ ಚಾಟಿಂಗು?

ಅಂದೇ ಸಂಜೆ ಭಾವಿಕಾ ಇವರ ನಾಡಿ ಹಿಡಿದಿದ್ದಳು. ಮತ್ತೆ ಅವಳ ಜೇಬು ಸೇರಿದ್ದ ಆ ಫೋನ್ ನಡುಗಿತು. ಅವಳ ಕೈ ಜೇಬಿನವರೆಗೆ ಹೋಗಿ ನಿಂತಿತು. ನನ್ನ ಮುಖ ನೋಡಿದಳು.

"ಬೆನ್, ನೋಡಲಾ?"

ಆ ಕಡೆ ಯಾರ ಉಸಿರು ಕಟ್ಟುತ್ತಿತ್ತೋ ಏನೋ, ಈಕೆ ನನ್ನ ಪರ್ಮಿಷನ್‌ಗೆ ಕಾಯುತ್ತಿದ್ದಳು.