ಉಪವಾಸ ಕೂತ ಬನ್ಸ್

ಆ ಮಂಗಳವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಜಗಳವಾಗಿದ್ದು ಒಂದು ಲೋಟ ನೀರಿಗಾಗಿ.

ನಾನು ಅವಲಕ್ಕಿಯ ತಟ್ಟೆ ತಂದು ಟೇಬಲ್ ಮೇಲಿಟ್ಟೆ. ನಮ್ಮವರು ತಿನ್ನಲಿಲ್ಲ, ತಟ್ಟೆಯನ್ನೇ ನೋಡುತ್ತ ಕೂತರು.

"ಎಂತ ಮಾರಾಯ್ತಿ, ನೀರಿಡದೆ ಪ್ಲೇಟ್ ಇಡುದಾ? ಗಿರಾಕಿ ಎದ್ದು ಹೋಗ್ತಾನೆ."

"ಹೋಗ್ಲಿ. ನಂಗೆ ಒಂದು ಪ್ಲೇಟ್ ಅವಲಕ್ಕಿ ಉಳೀತದೆ."

ಅವರೇ ಎದ್ದು ಎರಡು ಲೋಟ ನೀರು ತಂದರು. ಒಂದು ಅವರಿಗೆ, ಒಂದು ನನಗೆ. ಮಾಟುಂಗದ ಹೋಟೆಲೊಂದರಲ್ಲಿ ಮೂವತ್ತೆರಡು ವರ್ಷ ಸಪ್ಲಾಯರ್ ಆಗಿದ್ದವರು. ಗಿರಾಕಿ ಕೂತ ಕೂಡಲೇ ಮೊದಲು ನೀರು, ಆಮೇಲೆ 'ಏನು ಕೊಡಲಿ'. ಆ ಕ್ರಮ ಅವರ ಜೊತೆ ಲೋಕಲ್ ರೈಲು ಹತ್ತಿ ಮುಲುಂಡಿನ ನಮ್ಮ ಮನೆಗೂ ಬಂದಿತ್ತು. ಗ್ಯಾಸ್ ಸಿಲಿಂಡರ್ ತಂದವನಿಗೆ ನೀರು. ವೋಟು ಕೇಳಲು ಬಂದವರಿಗೂ ನೀರು. (ವೋಟು ಯಾರಿಗೆಂದು ಮಾತ್ರ ನನಗೂ ಹೇಳಲಿಲ್ಲ.)

ಅವಲಕ್ಕಿ ತಿಂದರು, ಉಪ್ಪು ಕಡಿಮೆ ಎಂದರು, ಸ್ಟೇಷನ್ನಿಗೆ ನಡೆದರು. ಬುಧವಾರ ಬೆಳಿಗ್ಗೆ ಅವರು ಏಳಲಿಲ್ಲ.

ಈ ಅಂಕಣ ಓದುವ ನಿಮಗೆ ಅವರು ಹೊಸಬರಲ್ಲ. ಅವರ ಗೊರಕೆ, ಕಳೆದುಹೋಗುವ ಕೊಡೆ, ಹಿಂದಿ ಸೀರಿಯಲ್ ನೋಡಿ ಅಳುವುದು, ಎಲ್ಲವನ್ನೂ ಇಲ್ಲಿ ಬರೆದು ನಿಮ್ಮನ್ನು ನಗಿಸಿದ್ದೇನೆ. "ನನ್ನ ಮರ್ಯಾದೆ ತೆಗೀಲಿಕ್ಕೆ ನಿಂಗೆ ಪೇಪರೇ ಬೇಕಿತ್ತಾ?" ಎಂದು ಗೊಣಗಿ, ಅದೇ ಪೇಪರನ್ನು ಮಡಚಿ ಹೋಟೆಲಿಗೆ ಒಯ್ಯುತ್ತಿದ್ದರು. ಐದು ತಿಂಗಳು ನಾನು ಬರೆಯಲಿಲ್ಲ. ಇವತ್ತು ಬರೆಯಲು ಕೂತಿರುವುದು ಒಂದು ಆಮೆಮರಿಯ ದೆಸೆಯಿಂದ.

ತಂದವಳು ಮಗಳು ಅಶ್ವಿನಿ. ಅಂಧೇರಿಯ ಅವಳ ಆಫೀಸಿನ ಗೆಳತಿಗೆ ಊರು ಬಿಡಬೇಕಾಗಿ ಬಂತಂತೆ, ಆಮೆಯನ್ನು ಕರೆದೊಯ್ಯುವ ಹಾಗಿಲ್ಲವಂತೆ. ಚಪ್ಪಲಿಯ ಡಬ್ಬಿ ತೆರೆದು ನನ್ನ ಮುಂದಿಟ್ಟಳು.

"ಅಮ್ಮಾ, ದಿನಭರ್ ನೀನು ಅಕೇಲಿ ಇರ್ತಿ. ಇದು ಕಂಪನಿ."

"ಮಾತಾಡ್ತದಾ?"

"ನೀನು ಮಾತಾಡು. ಅದು ಸುನ್ತದೆ."

(ಕಾನೂನು ಬಲ್ಲ ಓದುಗರು ಕೂಡಲೇ ಪತ್ರ ಬರೆಯಬೇಡಿ. ನಮ್ಮ ದೇಶದ ನಕ್ಷತ್ರ ಆಮೆಯನ್ನು ಸಾಕುವುದು ಅಪರಾಧ ಎಂದು ನನಗೂ ಗೊತ್ತು. ಇದು ಹೊರದೇಶದ ಜಾತಿ. ಇದರ ಕಾಗದಪತ್ರ ಇದಕ್ಕಿಂತ ದೊಡ್ಡದಿದೆ.)

ಗುಂಡಗೆ, ಕಂದು ಬಣ್ಣಕ್ಕೆ ಉಬ್ಬಿಕೊಂಡಿತ್ತು. ಆಗಷ್ಟೇ ಎಣ್ಣೆಯಿಂದ ತೆಗೆದ ಮಂಗಳೂರು ಬನ್ಸ್ ಹಾಗೆ. ಹೆಸರು ಅಲ್ಲೇ ನಿಂತಿತು.

ಗೆಳತಿ ಒಂದೇ ಎಚ್ಚರಿಕೆ ಕೊಟ್ಟಿದ್ದಳು: ಇದು ನೆಲದ ಆಮೆ, ನೀರಿಗೆ ಬಿಟ್ಟರೆ ಮುಳುಗುತ್ತದೆ. ನಾವಿಬ್ಬರೂ ಅದನ್ನು ವ್ರತದಂತೆ ಪಾಲಿಸಿದೆವು. ಅಗಲದ ಟಬ್, ಅದರಲ್ಲಿ ಒಣಮಣ್ಣು, ಮೇಲೊಂದು ಬಲ್ಬು. ನೀರಿನ ಹನಿಯೂ ಹತ್ತಿರ ಸುಳಿಯದಂತೆ ಕಾವಲು. ಸೊಪ್ಪನ್ನು ತೊಳೆದರೂ ಒರೆಸಿ ಇಡುತ್ತಿದ್ದೆವು!

ಬನ್ಸ್ ತಿನ್ನಲಿಲ್ಲ. ಪಾಲಕ್ ಇಟ್ಟೆವು. ಸೌತೆಕಾಯಿ ಇಟ್ಟೆವು. ಕೊತ್ತಂಬರಿಯನ್ನು ಸಣ್ಣಗೆ ಹೆಚ್ಚಿ ಮೂಗಿನ ಮುಂದೆ ಹಿಡಿದೆವು. ಅದು ಕಣ್ಣು ಮುಚ್ಚಿಕೊಂಡಿತು. ಪಕ್ಕದ ಮನೆಯ ಮರಾಠಿ ಹೆಂಗಸು, ನಮ್ಮ ಕಾಕು, ಇವತ್ತೂ ಉಪವಾಸವೇ ಎಂದು ದಿನಾ ಬಾಗಿಲಲ್ಲಿ ನಿಂತು ವಿಚಾರಿಸುತ್ತಿದ್ದರು: "ಅಹೋ, ಆಜ್ ಪಣ್ ಉಪವಾಸ್ ಕಾ?"

ನಾಲ್ಕನೆಯ ದಿನ, ಅಶ್ವಿನಿ ಆಫೀಸಿಗೆ ಹೋದ ಮೇಲೆ, ನಾನು ಗುಟ್ಟಾಗಿ ಇಡ್ಲಿಯ ಚೂರೊಂದನ್ನು ಇಟ್ಟೆ. ನಗಬೇಡಿ. ಹಸಿದು ಬಂದು ಇಡ್ಲಿ ಬೇಡವೆಂದವರನ್ನು ಈ ಮನೆ ಈವರೆಗೆ ಕಂಡಿರಲಿಲ್ಲ. ಬನ್ಸ್ ಇಡ್ಲಿಯನ್ನೊಮ್ಮೆ ನೋಡಿತು, ಕತ್ತು ಒಳಗೆಳೆದುಕೊಂಡಿತು. ಸಾಂಬಾರ್ ಬೇಕಿತ್ತೋ ಏನೋ.

ತಮಾಷೆ ಅಲ್ಲಿಗೆ ಮುಗಿಯಿತು. ಎತ್ತಿಕೊಂಡರೆ ಖಾಲಿ ಬೆಂಕಿಪೊಟ್ಟಣದಷ್ಟು ಹಗುರ. ಕಾಲು ಆಡಿಸುವುದೂ ಕಡಿಮೆಯಾಯಿತು. ಬೆಳಿಗ್ಗೆ ಎದ್ದು ಟಬ್ಬಿನ ಹತ್ತಿರ ಹೋಗಲು ನನಗೆ ಹೆದರಿಕೆ. ಮೊದಲು ಅಶ್ವಿನಿಯನ್ನು ಕಳಿಸುತ್ತಿದ್ದೆ. ಈ ಮನೆಯಲ್ಲಿ ಇನ್ನೊಂದು ಜೀವ ಬೆಳಿಗ್ಗೆ ಏಳದೆ ಇರುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಶನಿವಾರ ಅಂಧೇರಿಯ ಪ್ರಾಣಿಗಳ ಡಾಕ್ಟರ ಬಳಿ ಹೋದೆವು. ಚಿಕ್ಕ ವಯಸ್ಸಿನ ಹುಡುಗಿ. ಏನೇನು ತಿನ್ನಲು ಕೊಟ್ಟಿರಿ ಎಂದಳು. ನಾನು ಇಡೀ ಮೆನು ಒಪ್ಪಿಸಿದೆ, ಇಡ್ಲಿ ಸಮೇತ. ಅಶ್ವಿನಿ ನನ್ನತ್ತ ತಿರುಗಿ, "ಇಡ್ಲಿ? ಅಮ್ಮಾ, ಸೀರಿಯಸ್ಲಿ?" ಎಂದಳು. ಡಾಕ್ಟರ್ ನಗು ತಡೆದುಕೊಂಡು ಬನ್ಸ್‌ನ ಚರ್ಮ ಮುಟ್ಟಿ ನೋಡಿದಳು.

"ಆಂಟಿ, ಖಾನಾ ಬಾದ್ ಮೇ. ಪೆಹಲೇ ಪಾನಿ ದಿಯಾ ಕ್ಯಾ?"

ಮೊದಲು ನೀರು ಕೊಟ್ಟಿರಾ?

ನಾನು ಅಶ್ವಿನಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಇಬ್ಬರೂ ನೆಲ ನೋಡಿದೆವು.

ನೆಲದ ಆಮೆಗೂ ಬಾಯಾರುತ್ತದಂತೆ. ಆಳದ ನೀರಿಗೆ ಬಿಡಬಾರದು, ನಿಜ. ಆದರೆ ಮರಿಯನ್ನು ದಿನಾ ಹದಿನೈದು ನಿಮಿಷ, ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಬೇಕು. ಮೈಯೆಲ್ಲ ಒಣಗಿದ್ದರೆ ಹಸಿವು ಎಲ್ಲಿಂದ ಬರಬೇಕು?

ವಾಪಸು ಬರುವಾಗ ರಿಕ್ಷಾದಲ್ಲಿ ಅಶ್ವಿನಿ ಅಂದಳು, "ಪಪ್ಪಾ ಇದ್ದಿದ್ರೆ ನಮ್ಮಿಬ್ಬರನ್ನೂ ಆಜ್ ಹೀ ನೌಕರಿಯಿಂದ ತೆಗೀತಿದ್ರು."

"ಪಗಾರ ಕೊಡದೆ," ಎಂದೆ.

ಮನೆಗೆ ಬಂದು ನಮ್ಮವರ ಅಂಚಿನ ಸ್ಟೀಲ್ ತಟ್ಟೆ ತೆಗೆದೆ. ನೀರು ಬೆಚ್ಚಗೆ ಮಾಡಿ, ಕೈ ಅದ್ದಿ ನೋಡಿ, ಬನ್ಸನ್ನು ಕೂರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಕತ್ತು ಉದ್ದ ಮಾಡಿ ಮೂಗನ್ನು ನೀರಿಗಿಟ್ಟಿತು. ಕುಡಿಯಿತು. ಕುಡಿಯುತ್ತಲೇ ಇತ್ತು. ಮಾರನೆಯ ದಿನವೂ ಬರೀ ನೀರು. ಮೂರನೆಯ ದಿನ ಕಾಕು ಗಣಪತಿಗೆಂದು ಕೊಯ್ದಿದ್ದ ದಾಸವಾಳವನ್ನೂ ಎರಡು ಎಲೆಯನ್ನೂ ತಂದುಕೊಟ್ಟರು. ಬನ್ಸ್ ಎಲೆಯ ಅಂಚಿಗೆ ಬಾಯಿ ಹಾಕಿ ಅರ್ಧಚಂದ್ರದಷ್ಟು ಕತ್ತರಿಸಿತು. ಕಾಕು ಚಪ್ಪಾಳೆ ತಟ್ಟಿದರು. ಅಶ್ವಿನಿ ಹೆಗಲಿಗೆ ಟವೆಲ್ ಹಾಕಿಕೊಂಡು ಬಗ್ಗಿ ನಿಂತು, "ಔರ್ ಕ್ಯಾ ಲಾವೂಂ, ಶೇಠ್?" ಎಂದು ಆರ್ಡರ್ ಕೇಳಿದಳು.

ನಾವೇಕೆ ಹೀಗೆ? ಸಾವಿನ ಮನೆಗೆ ಬಂದವರೆಲ್ಲ ನನಗೂ ಡಬ್ಬಿ ತುಂಬ ಊಟ ತಂದಿದ್ದರು. ತಿನ್ನು, ತಿನ್ನು ಎಂದಿದ್ದರು. ಪ್ರೀತಿಯಿಂದಲೇ. ನಾನೂ ಕತ್ತು ಒಳಗೆಳೆದುಕೊಂಡೇ ಕೂತಿದ್ದೆ. ಆಮೇಲೆ ನಾನೇ ಒಂದು ಆಮೆಯ ಮುಂದೆ ಕೂತು ಅದೇ ಮಾತು ಹೇಳಿದೆ.

ಬನ್ಸ್ ಈಗ ತಿನ್ನುತ್ತದೆ. ನಾನೂ ತಿನ್ನುತ್ತೇನೆ. ತಟ್ಟೆ ಹಾಕಿಕೊಂಡು ಕೂರುತ್ತೇನೆ, ಎರಡು ತುತ್ತಾದ ಮೇಲೆ ಬಿಕ್ಕಳಿಕೆ ಬಂದು ಏಳುತ್ತೇನೆ.

ನನ್ನ ತಟ್ಟೆಯ ಪಕ್ಕದಲ್ಲಿ ನೀರಿನ ಲೋಟ ಇರುವುದಿಲ್ಲ.